ಮೋಸಂಬಿ ಮಜ್ಜಿಗೆ

ಹಾಲು ಮಾರಬಹುದು, ಬೆಣ್ಣೆ ಮಾರಬಹುದು, ತುಪ್ಪವನ್ನಂತೂ ತಕ್ಕಡಿಗೆ ಹಾಕಿಯೇ ಮಾರಬಹುದು. ಮಜ್ಜಿಗೆಯನ್ನು ಮಾತ್ರ ಮಾರಬಾರದು. ಮಾರಿದರೆ ಎಮ್ಮೆ ಬತ್ತುತ್ತದೆ. ಬನಹಟ್ಟಿಯ ಆ ನೇಕಾರರ ಓಣಿಯಲ್ಲಿ ಇದು ಹಲ್ಲು ಬಿದ್ದ ಮುದುಕಿಯಿಂದ ಹಿಡಿದು ಹಲ್ಲು ಬಾರದ ಕೂಸಿನ ತನಕ ಎಲ್ಲರಿಗೂ ಗೊತ್ತಿದ್ದ ಮಾತು. ಇದರ ಬಾಲಕ್ಕೆ ಇನ್ನೊಂದು ನೇಮವೂ ಅಂಟಿಕೊಂಡಿತ್ತು: ಕೊಡುವವರು ಇಲ್ಲ ಅನ್ನಬಾರದು, ಈಸಿಕೊಳ್ಳುವವರು ಬೇಡ ಅನ್ನಬಾರದು. ಈ ಕಥೆಯ ಗೋಳೆಲ್ಲ ಹುಟ್ಟಿದ್ದು ಆ ಎರಡನೆಯ ನೇಮದಿಂದ.

ಇಡೀ ಓಣಿಗೆ ಹೈನದ ಮನೆ ಅಂದರೆ ಅನ್ನವ್ವನದು ಒಂದೇ. ಕೈಮಗ್ಗ ಹೋಗಿ ಕರೆಂಟಿನ ಮಗ್ಗ ಬಂದ ಕಾಲ ಅದು. ಹೊಲವಿಲ್ಲದ ನೇಕಾರರು ದನ ಕಟ್ಟುವ ಉಸಾಬರಿಯನ್ನು ಎಂದೋ ಬಿಟ್ಟಿದ್ದರು. ಅನ್ನವ್ವ ಮಾತ್ರ ತೇರದಾಳದ ತವರಿನಿಂದ ಬಂದ ಎಮ್ಮೆಯ ಪೀಳಿಗೆಯನ್ನು ಬಿಟ್ಟಿರಲಿಲ್ಲ. ಈಗಿನದರ ಹೆಸರು ಪುತಳಿ. ಬೆನ್ನ ತನಕ ಚಾಚಿದ ಕೋಡಿನ ಪಂಢರಪುರಿ ಎಮ್ಮೆ, ಗತ್ತಿನಲ್ಲಿ ಒಡತಿಗಿಂತ ಒಂದು ಕೈ ಹೆಚ್ಚೇ.

ಮುಂಜಾನೆ ಮೊಸರು ಕಡೆದು, ಬೆಣ್ಣೆ ತೆಗೆದು, ಮಜ್ಜಿಗೆಯ ಗಡಿಗೆಯನ್ನು ಹೊರಗಿನ ಕಟ್ಟೆಯ ಮೇಲಿಟ್ಟು ಸೌಟು ಹಿಡಿದು ಕುಳಿತಳೆಂದರೆ ಅನ್ನವ್ವ ಓಣಿಗೆ ದೊರೆಸಾನಿ. ತಂಬಿಗೆ ಹಿಡಿದು ಬಂದ ಹೆಂಗಸರು ಸಾಲು ನಿಲ್ಲುವರು. ಯಾರ ಮನೆಯಲ್ಲಿ ಜ್ವರ, ಯಾರ ಮಗಳಿಗೆ ವರ, ಯಾವ ಗಂಡಸು ಮತ್ತೆ ಕುಡಿಯಲು ಹತ್ತಿದ್ದಾನೆ, ಎಲ್ಲ ಅಲ್ಲಿಯೇ ವಿಚಾರಣೆಯಾಗಿ ಅಲ್ಲಿಯೇ ತೀರ್ಪೂ ಸಿಗುತ್ತಿತ್ತು.

ಸೊಸೆ ತಾರವ್ವನಿಗೆ ಈ ದರ್ಬಾರು ಸಾಕಾಗಿ ಹೋಗಿತ್ತು. ಮಜ್ಜಿಗೆ ಹಂಚಿದ ಪುಣ್ಯವೆಲ್ಲ ಅತ್ತೆಗೆ, ಸೆಗಣಿ ಬಳಿದ ಪಾಪವೆಲ್ಲ ಸೊಸೆಗೆ. ಅತ್ತೆ ಮಾಡುವುದು ಹಿಂಡುವುದು, ಕಡೆಯುವುದು, ಹಂಚುವುದು. ನೀರು ಹೊರುವುದು, ಮೇವಿನ ಜೋಳದ ಕಣಕಿ ಕತ್ತರಿಸುವುದು, ಕುಳ್ಳು ತಟ್ಟುವುದು ಇವಳದು. ಆ ಕೊಟ್ಟಿಗೆ ಖಾಲಿಯಾದ ದಿನ ಐದು ಮಂದಿ ಮುತ್ತೈದೆಯರಿಗೆ ಉಡಿ ತುಂಬುತ್ತೇನೆಂದು ಅವಳು ಮನಸ್ಸಿನಲ್ಲೇ ಹರಕೆ ಹೊತ್ತಿದ್ದಳು.

ಶಿವರಾತ್ರಿ ಕಳೆದ ಮೇಲೊಂದು ದಿನ ಆ ಹರಕೆ ಫಲಿಸುವ ಲಕ್ಷಣ ಕಂಡಿತು. ಮಧ್ಯಾಹ್ನ ಊಟಕ್ಕೆ ಕುಳಿತಿದ್ದ ಅವಳ ಗಂಡ ಈರಪ್ಪ ಪುಂಡಿಪಲ್ಯದ ಮೇಲಿನ ಸಿಟ್ಟನ್ನು ಎಮ್ಮೆಯ ಮೇಲೆ ತೆಗೆದ.

"ಯವ್ವಾ, ನಿನ್ನ ಎಮ್ಮಿ ನಮಗಿಂತ ಛಲೋ ಉಣ್ಣಾಕತ್ತೈತಿ. ಕಣಕಿ ತುಟ್ಟಿ, ಹಿಂಡಿ ತುಟ್ಟಿ. ಸಮೀರವಾಡಿ ಸಕ್ರಿ ಕಾರಖಾನಿ ಹಂಗಾಮ ಮುಗೀತು, ದನಕ್ಕ ಹಾಕೂ ಕಬ್ಬಿನ ವಾಡಿನೂ ನಿಂತ್ವು. ಮಳಿ ಆಗೂತನಕ ಏನ ತಿನಸ್ತಿ?"

"ನಾ ಉಣ್ಣೂ ರೊಟ್ಟಿ ತಿನಸ್ತೇನಿ."

"ನೀ ಉಣ್ಣೂದು ಒಂದ ರೊಟ್ಟಿ. ಅದು ಅದರ ಹಲ್ಲಿನ ಸಂದಿಗೂ ಸಾಲೂದಿಲ್ಲ. ಮಾರಿಬಿಡೂಣು. ಕೊಟಗಿ ಖಾಲಿ ಆದ್ರ ಮೂರನೇ ಮಗ್ಗಾ ಕುಂಡರಸ್ತೇನಿ."

"ಎರಡ ಮಗ್ಗಕ್ಕ ಕರೆಂಟ ಇಲ್ಲ, ಮೂರನೇದಕ್ಕ ಎಲ್ಲಿಂದ ತರ್ತಿ? ಕೈಲೆ ತಿರುಗಸ್ತೀಯೇನು?"

ಮಾರುವ ಮಾತನ್ನು ರಾತ್ರಿಯೆಲ್ಲ ಗಂಡನ ಕಿವಿಗೆ ಊದಿದ್ದವಳು ತಾರವ್ವ. ಗಂಡ ಕೇಳದೆಯೇ ಅವನ ತಾಟಿಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿ ಮೇಲೆ ಬೆಣ್ಣೆ ಇಟ್ಟಳು. ಅತ್ತೆ ಅದನ್ನು ನೋಡಿದಳು. ಅತ್ತೆ ನೋಡಿದ್ದನ್ನು ಸೊಸೆಯೂ ನೋಡಿದಳು.

ಆಗ ಅಜ್ಜಿಯ ಕಡೆ ತಿರುಗಿ ನಡುವೆ ಬಾಯಿ ಹಾಕಿದವಳು ಕಸ್ತೂರಿ. ತಾರವ್ವನ ಒಬ್ಬಳೇ ಮಗಳು. ಮೆಟ್ರಿಕ್ ಮುಗಿಸಿ, ಜಮಖಂಡಿ ರಸ್ತೆಗೆ ಹೊಸದಾಗಿ ಎದ್ದ ಹಣ್ಣಿನ ರಸದ ಫ್ಯಾಕ್ಟರಿಯಲ್ಲಿ ಬಾಟಲಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಹೋಗುತ್ತಿದ್ದಳು. ತಿಂಗಳ ಪಗಾರ ತರುವವಳಾದ್ದರಿಂದ ದೊಡ್ಡವರ ಮಾತಿನಲ್ಲಿ ಕೈ ಆಡಿಸುವ ಹಕ್ಕು ತನಗೂ ಬಂದಿದೆ ಎಂದು ತಿಳಿದಿದ್ದಳು.

"ಆಯಿ, ನಮ್ಮ ಫ್ಯಾಕ್ಟರ್ಯಾಗ ಮೋಸಂಬಿ ಸಿಪ್ಪಿ ಗುಡ್ಡದಂಗ ಬಿದ್ದೈತಿ. ಹಾಕಾಕ ಜಾಗಾ ಇಲ್ಲ ಅಂತ ಮಾಲಕರ ತಲಿ ಹಿಡಕೊಂಡ ಕುಂತಾರ. ಹಿಪ್ಪರಗಿ ಕಡ್ಯಾವ್ರು ಒಯ್ದು ದನಕ್ಕ ಹಾಕತಾರಂತ. ನಾವೂ ತರಸೂಣು."

"ಸಿಪ್ಪಿ ತಿಂದ ಎಮ್ಮಿ ಹಾಲ ಕೊಡತೈತೋ ಶರಬತ್ತ ಕೊಡತೈತೋ?" ಎಂದು ಈರಪ್ಪ ನಕ್ಕ.

ಅನ್ನವ್ವನ ಹುಬ್ಬು ಗಂಟಾಗಿದ್ದು ಬೇರೆ ಕಾರಣಕ್ಕೆ. "ಮಂದಿ ತಿಂದ ಎಂಜಲಾ ನನ್ನ ಪುತಳಿಗೆ ತಿನಸ್ಲೇನು?"

"ಎಂಜಲಲ್ಲ ಆಯಿ. ಮಷೀನ ಹಿಂಡಿದ್ದು."

"ಮಷೀನಿಗೆ ಬಾಯಿ ಇರೂದಿಲ್ಲೇನು?"

"ಬಾಯಿ ಐತಿ, ಉಗುಳಿಲ್ಲ."

ಅನ್ನವ್ವ ತಪಕೀರಿನ ಡಬ್ಬಿ ತೆಗೆದು, ಒಂದು ಚಿಟಿಕೆ ಮೂಗಿಗೇರಿಸಿ, ಕಣ್ಣು ಮುಚ್ಚಿ ಯೋಚಿಸಿದಳು. ಉಗುಳಿಲ್ಲದ ಬಾಯಿ ಮಡಿಯೇ ಸರಿ ಎಂದು ಅವಳಿಗೆ ಅನ್ನಿಸಿತು. ಬಿಸಿ ರೊಟ್ಟಿ ತಿಂದ ಈರಪ್ಪನೂ, ಪುಕ್ಕಟೆ ಬರುವುದಾದರೆ ಬರಲಿ, ಮೇವಿನ ಖರ್ಚು ಇಳಿದರೆ ನೋಡೋಣ ಎಂದ. ತಾರವ್ವನ ಬೆಣ್ಣೆ ಗಂಗೆಯ ಪಾಲಾಯಿತು.

ಮರುದಿನ ಸಂಜೆಯಿಂದಲೇ ಫ್ಯಾಕ್ಟರಿಯ ಗಾಡಿಯ ಲಗಮಪ್ಪ ಮನೆಗೆ ಹೋಗುವ ದಾರಿಯಲ್ಲಿ ಎರಡು ಚೀಲ ಸಿಪ್ಪೆ ಇಳಿಸತೊಡಗಿದ. ಮೊದಲ ದಿನ ಪುತಳಿ ಮೂಸಿ ನೋಡಿ, ಉಸ್ಸೆಂದು ಉಸಿರು ಬಿಟ್ಟು, ತನ್ನ ಹಿಂಭಾಗವನ್ನು ಬುಟ್ಟಿಯ ಕಡೆಗೆ ತಿರುಗಿಸಿ ನಿಂತಿತು. ಅನ್ನವ್ವ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿಸಿ, ಕಣಕಿಯ ಜೊತೆ ಬೆರೆಸಿ, ಬೆಲ್ಲದ ನೀರು ಚಿಮುಕಿಸಿದಳು. ಹೆಚ್ಚಿದವಳು ತಾರವ್ವ ಎಂದು ಬೇರೆ ಹೇಳಬೇಕಾಗಿಲ್ಲ. ನಾಲ್ಕು ದಿನದಲ್ಲಿ ಎಮ್ಮೆಗೆ ರುಚಿ ಹತ್ತಿತು. ಆಮೇಲೆ ಲಗಮಪ್ಪನ ಗಾಡಿಯ ಗಾಲಿಯ ಸಪ್ಪಳ ಓಣಿಯ ತುದಿಯಲ್ಲಿ ಕೇಳಿದರೆ ಸಾಕು, ಕೊಟ್ಟಿಗೆಯಿಂದ ಕೂಗು ಏಳುತ್ತಿತ್ತು.

"ನಾ ಫ್ಯಾಕ್ಟರಿಯಿಂದ ಬಂದ್ರ ಯಾರೂ ಹಿಂಗ ಒದರೂದಿಲ್ಲ," ಎಂದು ಕಸ್ತೂರಿ ಮುಖ ಊದಿಸಿದಳು.

ಪುತಳಿಯ ಕರು ಈ ಸಲದ ಚಳಿಗೆ ಸತ್ತಿತ್ತು. ಅಂದಿನಿಂದ ಹಿಂಡಲು ಕುಳಿತಾಗ ಮುಂದೆ ತಿನ್ನುವ ಬುಟ್ಟಿ ಇಟ್ಟರೆ ಮಾತ್ರ ಅದು ತೊರೆ ಬಿಟ್ಟು ಹಾಲು ಇಳಿಸುತ್ತಿತ್ತು. ಬುಟ್ಟಿಯಲ್ಲಿ ಮೊದಲು ಹತ್ತಿಕಾಳು ಇರುತ್ತಿತ್ತು, ಈಗ ಸಿಪ್ಪೆ ಬಂತು. ಎರಡೂ ಹೊತ್ತು ಸಿಪ್ಪೆ ಮೆಲ್ಲುತ್ತ ಎಮ್ಮೆ ಹಾಲು ಕೊಟ್ಟಿತು. ಹಾಲು ಒಂದಿಷ್ಟು ಹೆಚ್ಚೇ ಆಯಿತು. ಉಳಿದ ಸಿಪ್ಪೆಯನ್ನು ತಾರವ್ವ ಮಾಳಿಗೆಯ ಮೇಲೆ ಒಣಹಾಕಿದಳು. ಅಡುಗೆಮನೆ, ಪಡಸಾಲೆ, ಹಾಸಿಗೆ, ಕೌದಿ, ಎಲ್ಲದಕ್ಕೂ ಮೋಸಂಬಿಯ ವಾಸನೆ ಹತ್ತಿತು. ಮೇವಿನ ಖರ್ಚು ಅರ್ಧಕ್ಕೆ ಇಳಿದದ್ದರಿಂದ ಈರಪ್ಪ ಮೂರನೇ ಮಗ್ಗದ ಮಾತು ಎತ್ತಲಿಲ್ಲ. ಚಹಾ ಮಾತ್ರ ಯಾಕೋ ಕಹಿ ಎಂದ ಒಂದು ಸಲ. "ಚಾಪುಡಿ ಅಗ್ಗಂದು ತಂದ್ರ ಇನ್ನೇನ ಆಗತೈತಿ?" ಎಂದು ತಾರವ್ವ ಅವನ ಬಾಯಿ ಮುಚ್ಚಿಸಿದಳು.

ಹೋಳಿ ಕಳೆದ ವಾರ ತಾರವ್ವ ಜರಡಿ ಕೇಳಲೆಂದು ಎದುರುಮನೆಯ ಕರೆವ್ವನ ಹಿತ್ತಲಿಗೆ ಹೋದಳು. ಕರೆವ್ವ ನುಗ್ಗೆಗಿಡದ ಬುಡಕ್ಕೆ ತಂಬಿಗೆ ಬಗ್ಗಿಸಿ ನಿಂತಿದ್ದಳು. ತಂಬಿಗೆಯಿಂದ ಬೆಳ್ಳಗೆ ಇಳಿಯುತ್ತಿದ್ದುದು ಅತ್ತೆ ಈಗಷ್ಟೇ ಹಾಕಿ ಕಳಿಸಿದ ಮಜ್ಜಿಗೆ.

ಕರೆವ್ವ ತಿರುಗಿ ನೋಡಿದವಳೇ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಯಕ್ಕಾ, ನಿಮ್ಮ ಅತ್ತಿ ಮುಂದ ಹೇಳಬ್ಯಾಡ. ನಿನ್ನ ಕಾಲ ಬೀಳತೇನಿ."

"ಯಾಕ ಚೆಲ್ಲಾಕತ್ತಿ?"

"ಹೆಂಗ ಕುಡೀಲಿ? ಮೋಸಂಬಿ ಸಿಪ್ಪಿ ಕಡದ್ಹಂಗ ಆಗತೈತಿ. ಕಹಿ ಅಂದ್ರ ಕಹಿ. ನಮ್ಮ ಮಾವ ಒಂದ ಗುಟುಕ ಕುಡದು, ಇದು ಯಾವ ಡಾಕ್ಟರ ಕೊಟ್ಟ ಔಷಧ ಅಂತ ಕೇಳಿದ."

"ನೀ ಒಬ್ಬಾಕೀನ ಚೆಲ್ತಿಯೋ?"

"ಓಣಿ ಎಲ್ಲಾ ಅದಽ ಮಾಡತೈತಿ. ನುಗ್ಗಿಗಿಡಾ ಇಲ್ಲದವ್ರು ಗಟಾರಕ್ಕ ಹಾಕತಾರ."

ತಾರವ್ವನಿಗೆ ನಗು ತಡೆಯಲಾಗಲಿಲ್ಲ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದಂತೆ. ಹಾಗೆಯೇ ಪುಕ್ಕಟೆ ಬಂದ ಮಜ್ಜಿಗೆಗೆ ಕೊಂಕು ಹೇಳುವ ಧೈರ್ಯ ಓಣಿಯ ಒಬ್ಬಳಿಗೂ ಇರಲಿಲ್ಲ. ಅನ್ನವ್ವನ ಮುಂದೆ ಬೇಡ ಅನ್ನುವುದೂ ಒಂದೇ, ಅವಳ ಮನೆಯ ಬಾಗಿಲಿಗೆ ಬೆನ್ನು ಮಾಡುವುದೂ ಒಂದೇ. ಅತ್ತೆಯ ಮೂಗು ತಪಕೀರಿಗೆ ಸತ್ತು ಯಾವ ಕಾಲವಾಗಿತ್ತೋ. ಇನ್ನು ಮನೆಯ ಉಳಿದವರು ಸಿಪ್ಪೆಯ ನಡುವೆಯೇ ಉಂಡು ಮಲಗುವವರು, ಅವರ ಮೂಗಿಗಾದರೂ ಏನು ತಿಳಿಯಬೇಕು?

ತಾರವ್ವ ಜರಡಿ ತೆಗೆದುಕೊಂಡು ಮನೆಗೆ ಬಂದಳು. ಹೇಳಲಿಲ್ಲ. ಕರೆವ್ವನಿಗೆ ಕೊಟ್ಟ ಮಾತು ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಳು. ಖರೆ ಸಂಗತಿ ಏನೆಂದರೆ, ಈ ಗುಟ್ಟು ತಾನಾಗಿಯೇ ಒಡೆದು ಎಮ್ಮೆ ತಾನಾಗಿಯೇ ಹೋದರೆ ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ ಎಂಬ ಲೆಕ್ಕ ಅವಳದಾಗಿತ್ತು.

ಗುಟ್ಟು ಒಡೆದದ್ದು ಯುಗಾದಿಯ ಮಾರನೆಯ ದಿನ, ಚಹಾದಂಗಡಿಯಲ್ಲಿ. ಯಾರೋ "ಬಾ ಶರಬತ್ತ ಈರಪ್ಪಾ" ಎಂದರಂತೆ. ಯಾಕೆ ಎಂದು ಕೇಳಿದರೆ ಅಂಗಡಿಗೆ ಅಂಗಡಿಯೇ ನಕ್ಕಿತಂತೆ. ಈರಪ್ಪ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದ.

"ಯವ್ವಾ, ಇಡೀ ಓಣಿ ನಿನ್ನ ಮಜ್ಜಿಗಿ ಗಟಾರಕ್ಕ ಚೆಲ್ಲಾಕತ್ತೈತಿ, ಗೊತ್ತೈತೇನು? ನನಗ ಶರಬತ್ತ ಈರಪ್ಪ ಅಂತ ಹೆಸರಿಟ್ಟಾರ!"

ಅನ್ನವ್ವ ಬೆಣ್ಣೆಯ ಉಂಡೆ ಕಟ್ಟುತ್ತಿದ್ದಳು. ಕೈ ನಿಂತಿತು. "ಸುಳ್ಳ ಹೇಳತಿ ನೀ. ಮಗ್ಗದ ಆಸೇಕ ಹೇಳತಿ."

"ನಿನ್ನ ಸೊಸೀನ ಕೇಳು. ಆಕೀಗೂ ಗೊತ್ತೈತಂತ."

ಅನ್ನವ್ವ ಸೊಸೆಯ ಕಡೆ ತಿರುಗಿದಳು. "ಖರೇ ಏನ ತಾರಾ?"

ಸುಳ್ಳು ಹೇಳಲು ತಾರವ್ವನಿಗೆ ನಾಲಿಗೆ ಹೊರಳಲಿಲ್ಲ. "ಖರೇರಿ ಅತ್ತಿ."

"ನಿನಗ ಮದಲ ಗೊತ್ತಿತ್ತು?"

"ಗೊತ್ತಿತ್ತರಿ."

ಬೈಯುತ್ತಾಳೆ ಎಂದು ತಾರವ್ವ ಸೆರಗು ಬಿಗಿದು ನಿಂತಳು. ಬಯ್ಗುಳಕ್ಕೆ ಬಯ್ಗುಳ ಒದಗಿಸಲು ಅವಳ ಬಳಿಯೂ ಸಾಕಷ್ಟು ದಾಸ್ತಾನಿತ್ತು. ಆದರೆ ಅನ್ನವ್ವ ಬೈಯಲಿಲ್ಲ. ಕೈ ತೊಳೆದುಕೊಂಡು ಒಳಗಿನ ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಕುಳಿತಳು.

ಮರುದಿನ ಹೆಂಗಸರು ಎಂದಿನಂತೆ ತಂಬಿಗೆ ಹಿಡಿದು ಬಂದರು. ಕಟ್ಟೆ ಖಾಲಿ ಇತ್ತು. "ಮಜ್ಜಿಗಿ ಇಲ್ಲಂತ ಹೇಳು," ಎಂದು ಒಳಗಿನಿಂದ ದನಿ ಬಂತು. ಕಸ್ತೂರಿ ಹೋಗಿ ಹೇಳಿದಳು. ಆ ಮನೆಯಿಂದ ಇಲ್ಲ ಎಂಬ ಮಾತು ಹೊರಗೆ ಬಂದದ್ದು ಅದೇ ಮೊದಲು. ತಾವು ಚೆಲ್ಲಿದ್ದು ಅನ್ನವ್ವನಿಗೆ ಗೊತ್ತಾಗಿದೆ ಎಂದು ಹೆಂಗಸರಿಗೆ ತಿಳಿಯಿತು. ಒಬ್ಬರ ಮುಖ ಒಬ್ಬರು ನೋಡದೆ ಮನೆಗೆ ಹೋದರು.

ಸಂಜೆ ಅನ್ನವ್ವ ಮಗನನ್ನು ಕರೆದಳು. "ಬರೂ ಸಂತಿಗೆ ಮುಧೋಳಕ್ಕ ಹೊಡಕೊಂಡ ಹೋಗಿ ಮಾರಿ ಬಾ."

"ನೋಡು, ಆಮ್ಯಾಲ ಅಳಬಾರದು."

"ನಾ ಯಾಕ ಅಳಲಿ? ಗಟಾರಕ್ಕ ಸುರ್ಯಾಕ ಎಮ್ಮಿ ಯಾಕ ಬೇಕು?"

ತಾರವ್ವನ ಹರಕೆ ಹೀಗೆ ಕೈಗೂಡಿತು. ಉಡಿ ತುಂಬಲು ಯಾವ ಮುತ್ತೈದೆಯರನ್ನು ಕರೆಯಬೇಕೆಂದು ಅವಳು ಲೆಕ್ಕ ಹಾಕಬೇಕಾಗಿತ್ತು. ಆದರೆ ಯಾಕೋ ಲೆಕ್ಕ ಒಬ್ಬಳ ಹೆಸರಿನ ಆಚೆ ಹೋಗಲಿಲ್ಲ. ಮನೆಯಲ್ಲಿ ಮಗ್ಗದ ಸಪ್ಪಳ ಬಿಟ್ಟರೆ ಬೇರೆ ಸಪ್ಪಳವಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಅತ್ತೆ ಅನ್ನಲಿಲ್ಲ, ಕಡಿಮೆಯಾದರೂ ಅನ್ನಲಿಲ್ಲ. ಹಾಕಿದ್ದನ್ನು ಉಂಡು ತಾಟು ತೊಳೆದಿಟ್ಟು ಮತ್ತೆ ಗೋಡೆಗೆ ಮುಖ ಮಾಡುತ್ತಿದ್ದಳು. ಇಷ್ಟು ವರ್ಷ ಆ ಬಾಯಿಗೆ ಬೀಗ ಬೀಳಲಿ ಎಂದು ಬೇಡಿಕೊಂಡವಳಿಗೆ ಈಗ ಆ ಬೀಗವೇ ಬೇಡವಾಯಿತು.

ಎಮ್ಮೆ ಹಿಂಡುವ ಕೆಲಸವೂ ತಾರವ್ವನ ಪಾಲಿಗೆ ಬಂತು. ಸಂತೆಗೆ ಎರಡು ದಿನ ಉಳಿದಿತ್ತು. ಆ ಸಂಜೆ ಲಗಮಪ್ಪನ ಗಾಡಿ ಬರುವುದು ತಡವಾಯಿತು, ಮಾಳಿಗೆಯ ಮೇಲೆ ಒಣ ಸಿಪ್ಪೆಯೂ ಉಳಿದಿರಲಿಲ್ಲ. ತಾರವ್ವ ಬುಟ್ಟಿಗೆ ಒಂದು ಬೊಗಸೆ ಗೋಧಿ ತವಡು ಹಾಕಿ ಮುಂದಿಟ್ಟು ಹಿಂಡಲು ಕುಳಿತಳು. ಪುತಳಿ ಬುಟ್ಟಿ ನೋಡಿತು, ತಾರವ್ವನನ್ನು ನೋಡಿತು, ಹಾಲನ್ನು ಮೇಲಕ್ಕೆ ಎಳೆದುಕೊಂಡು ಕಲ್ಲಿನಂತೆ ನಿಂತಿತು.

"ಏನ ನೋಡ್ತಿ? ಮೋಸಂಬಿನ ಬೇಕೇನು ಮಹಾರಾಣಿಗೆ?" ಎಂದು ತಾರವ್ವ ಶುರು ಮಾಡಿದಳು. ಹಾಡಿ ಓಲೈಸುವುದು ಅತ್ತೆಯ ವಿದ್ಯೆ. ಇವಳಿಗೆ ಬರುತ್ತಿದ್ದುದು ಇಷ್ಟೇ. "ಕಸ್ತೂರಿ ಹುಟ್ಟೂದಕ್ಕಿಂತ ಮದಲ ಈ ಮನಿಗೆ ಬಂದಾಕಿ ನಾ. ನನ್ನ ಮುಂದ ಯಾರ ಬುಟ್ಟಿ ಇಟ್ಟಾರ? ನಿನ್ನ ಸೆಗಣಿ ಬಳದು ನನ್ನ ನಡಾ ಬಿತ್ತು. ನಿಮ್ಮ ಒಡತಿ ಒಂದ ದಿನ, ತಾರಾ ದಣದಿ, ಕುಂದರು ಅಂದಿಲ್ಲ. ಆಕಿ ಕುತ್ತಿಗಿ ನಿನ್ನ ಗೂಟಕ್ಕಿಂತ ಗಟ್ಟಿ. ಮಗನರ ಏನು, ಮೂರ ಹೊತ್ತೂ ಮಗ್ಗಾ, ಮಗ್ಗಾ. ನೀ ಹ್ವಾದ್ರ ನನಗ ಸುಖಾ. ಖರೇನ ಹೇಳತೇನಿ, ಸುಖಾ."

ಎಮ್ಮೆ ಕಿವಿ ಅಲುಗಿಸಿತು. ತಾರವ್ವನ ದನಿ ಮಾತ್ರ ತಾನೇ ಇಳಿಯಿತು.

"ಆದ್ರ ಆ ಕಟ್ಟಿ ಮ್ಯಾಲ ಕುಂತಾಗ ಆಕಿ ಮಾರಿ ನೋಡೀಯೇನು? ಸೌಟ ಹಿಡದ್ರ ಹತ್ತ ವರ್ಷ ಸಣ್ಣಾಕಿ ಆಗತಿದ್ದಳು. ಈಗ ಗ್ವಾಡಿ ನೋಡಕೋತ ಕುಂತಾಳ. ನೀ ಹ್ವಾದ ಮ್ಯಾಲ ಆ ಮುದಿಕಿ ಮುಂಜಾನೆ ಯಾತಕ್ಕಂತ ಏಳಬೇಕು? ನನಗ ಗೊತ್ತಿತ್ತು, ನಾ ಅಂದಽ ಹೇಳಿದ್ರ ಏನರ ಹಾದಿ ಸಿಗತಿತ್ತು. ಹೇಳಲಿಲ್ಲ. ನಾನಽ ಕೆಟ್ಟಾಕಿ."

ಹೇಳುತ್ತ ಹೇಳುತ್ತ ಅವಳ ಕೈ ತನ್ನಷ್ಟಕ್ಕೆ ಹಿಂಡುತ್ತಿತ್ತು. ಹಾಲು ಸೊರ್ರನೆ ಪಾತ್ರೆಗೆ ಇಳಿದಾಗಲೇ ಅವಳಿಗೆ ಎಚ್ಚರ. ಅದೇ ಹೊತ್ತಿಗೆ ಬೆನ್ನ ಹಿಂದೆ ಒಂದು ದೊಡ್ಡ ಸೀನು ಕೇಳಿಸಿತು. ತಪಕೀರಿನ ಸೀನು. ಅನ್ನವ್ವ ಬಾಗಿಲಲ್ಲಿ ನಿಂತಿದ್ದಳು.

"ಅತ್ತಿ, ಯಾವಾಗ ಬಂದ್ರಿ?"

"ಕುತ್ತಿಗಿ ಗೂಟಕ್ಕಿಂತ ಗಟ್ಟಿ ಅನ್ನೂ ಮುಂದ." ಅನ್ನವ್ವ ಮೂಗು ಒರೆಸಿಕೊಂಡಳು. ಕಣ್ಣನ್ನೂ ಒರೆಸಿಕೊಂಡಳು. "ಮದಲ ಹಾಲ ಒಳಗ ಒಯ್ಯಿ. ಲಗಮಪ್ಪ ಬಂದ. ಸಿಪ್ಪಿ ಆಮ್ಯಾಲ ಹಾಕು."

ಹೀಗೆ ಆ ದಿನ ಮೊದಲು ಹಾಲು, ಆಮೇಲೆ ಸಿಪ್ಪೆ ಆಯಿತು. ಮರುದಿನ ಮುಂಜಾನೆಯೂ ತಾರವ್ವ ತವಡಿಟ್ಟೇ ಹಿಂಡಿದಳು, ಬೈದುಕೊಂಡೇ ಹಿಂಡಿದಳು. ರಾತ್ರಿ ಹೆಪ್ಪು ಹಾಕಿದ ಮೊಸರು ಕಡೆದಾಗ ಬೆರಳದ್ದಿ ನೆಕ್ಕಿದಳು. ತಿಳಿಯಲಿಲ್ಲ. ಅವಳ ಮೂಗೂ ನಾಲಿಗೆಯೂ ಸಿಪ್ಪೆಯಾಗಿ ತಿಂಗಳಾಗಿತ್ತು. ಬಟ್ಟಲು ಮುಚ್ಚಿಕೊಂಡು ಕರೆವ್ವನ ಮನೆಗೆ ಓಡಿದಳು.

"ಕುಡಿ. ಖರೆ ಹೇಳು. ಸುಳ್ಳ ಹೇಳಿದ್ರ ನಿಮ್ಮ ನುಗ್ಗಿಗಿಡದಾಣೆ."

ಕರೆವ್ವ ಮೂಗು ಹಿಡಿದೇ ಒಂದು ಗುಟುಕು ಕುಡಿದಳು. ಮೂಗು ಬಿಟ್ಟಳು. ಇನ್ನೊಂದು ಗುಟುಕು ಕುಡಿದಳು. "ಯಕ್ಕಾ, ಇದು ಮದಲಿನ ಮಜ್ಜಿಗಿ! ಸಿಪ್ಪಿ ಬಿಡಿಸಿದ್ರೇನು?"

"ಎಲ್ಲಿ ಬಿಡಿಸಿದ್ವಿ? ನಿನ್ನಿನೂ ಎರಡ ಚೀಲ ತಿಂದೈತಿ. ಹಿಂಡಿದ ಮ್ಯಾಲ ಹಾಕಿದೆ, ಅಷ್ಟ."

ಅಂದರೆ ತಪ್ಪು ಸಿಪ್ಪೆಯದಲ್ಲ, ಹೊತ್ತಿನದು. ಹಿಂಡುವಾಗ ಮುಂದಿಟ್ಟ ಬುಟ್ಟಿಯದು; ಆಗ ತಿಂದದ್ದರ ಕಹಿ ಹಾಲಿಗೆ ಇಳಿಯುತ್ತಿತ್ತು. ಸಂಜೆ ಮತ್ತೆ ಹಾಗೆಯೇ ಮಾಡಿ, ಮರುದಿನ ನಸುಕಿನಲ್ಲಿ ಮತ್ತೆ ಕರೆವ್ವನನ್ನು ಎಬ್ಬಿಸಿ ಕುಡಿಸಿದಳು. ಕರೆವ್ವ ನಿದ್ದೆಗಣ್ಣಿನಲ್ಲಿಯೇ ಬಟ್ಟಲು ಖಾಲಿ ಮಾಡಿದಳು.

ತಾರವ್ವ ಮನೆಗೆ ಬರುವಷ್ಟರಲ್ಲಿ ಈರಪ್ಪ ಎಮ್ಮೆಯನ್ನು ಬಿಚ್ಚಿ ಹಗ್ಗ ಹಿಡಿದು ಅಂಗಳಕ್ಕೆ ತಂದಿದ್ದ. ಸಂತೆಯ ದಿನ.

"ಹಗ್ಗಾ ಬಿಡ್ರಿ," ಎಂದಳು ತಾರವ್ವ.

"ಏನು?"

"ಎಮ್ಮಿ ಮಾರೂದು ಬ್ಯಾಡ್ರಿ. ಹಿಂಡಿದ ಮ್ಯಾಲ ಸಿಪ್ಪಿ ಹಾಕಿದ್ರ ಮಜ್ಜಿಗಿ ಛಲೋ ಬರತೈತಿ."

"ಮಾರ್ರಿ ಮಾರ್ರಿ ಅಂತ ನನ್ನ ಕಿವಿ ತಿಂದಾಕಿ ನೀನಽ ಅಲ್ಲೇನು?"

"ಹೌದು. ಈಗ ಬ್ಯಾಡ ಅನ್ನಾಕತ್ತಾಕಿನೂ ನಾನಽ."

"ಮಗ್ಗಾ ಎಲ್ಲಿ ಕುಂಡರಸ್ಲಿ? ನನ್ನ ತಲಿ ಮ್ಯಾಲ?"

ಕೆಲಸಕ್ಕೆ ಹೊರಟು ನಿಂತಿದ್ದ ಕಸ್ತೂರಿ ಜಡೆ ಹಿಂದಕ್ಕೆ ಎಸೆದಳು. "ಪಡಸಾಲ್ಯಾಗ ನಿನ್ನ ಹೊರಸಿನ ಜಾಗಾ ಐತೆಲ್ಲಪ್ಪಾ. ಹೊರಸು ಕೊಟಗ್ಯಾಗ ಹಾಕೂಣು."

"ನನಗ ಎಮ್ಮಿ ಬಾಜೂಕ ಮಲಗಸ್ತೀಯೇನು?"

"ಎಮ್ಮಿಗೆ ಒಪ್ಪಿಗಿ ಆದ್ರ."

ಒಳಗಿನಿಂದ ಅನ್ನವ್ವ ಹೊಸ್ತಿಲ ತನಕ ಬಂದಳು. ನಗಲಿಲ್ಲ. "ತಾರಾ, ಸುಮ್ಮನ ಹಟಾ ಮಾಡಬ್ಯಾಡ. ಮಜ್ಜಿಗಿ ಛಲೋ ಆಗಿದ್ರೂ ಇನ್ನ ಯಾರ ಬರ್ತಾರ? ಚೆಲ್ಲಿದವ್ರ ಮುಂದ ನಾ ಮತ್ತ ಸೌಟ ಹಿಡಕೊಂಡ ಕುಂಡ್ರೂದಿಲ್ಲ."

"ನೀವ ಕುಂಡ್ರಬ್ಯಾಡ್ರಿ ಅತ್ತಿ. ನಾ ಕುಂಡ್ರತೇನಿ."

ತಾರವ್ವ ಗಡಿಗೆಯನ್ನು ಕಟ್ಟೆಗೆ ತಂದಿಟ್ಟು ಕುಳಿತಳು. ಅತ್ತೆಯ ಜಾಗದಲ್ಲಿ ಅವಳು ಎಂದೂ ಕುಳಿತವಳಲ್ಲ. ಓಣಿಯ ಬಾಗಿಲುಗಳಲ್ಲಿ ಹೆಂಗಸರು ಇಣುಕಿದರು. ತಂಬಿಗೆ ತಂದರು, ಆದರೆ ದೂರದಲ್ಲಿಯೇ ನಿಂತರು. ಈರಪ್ಪ ಹಗ್ಗ ಹಿಡಿದೇ ನೋಡುತ್ತಿದ್ದ. ಅನ್ನವ್ವ ಬಾಗಿಲ ಹಿಂದಕ್ಕೆ ಸರಿದು ನಿಂತಿದ್ದಳು. ಒಬ್ಬಳು ತಂಬಿಗೆ ತುಂಬಿಸಿಕೊಂಡು ಮನೆಗೆ ಒಯ್ದರೆ ಏನು ಬಂತು? ತಿಂಗಳೆಲ್ಲ ಒಯ್ದೇ ಇದ್ದರಲ್ಲ.

ಕರೆವ್ವ ಗುಂಪನ್ನು ಸರಿಸಿ ಮುಂದೆ ಬಂದಳು. ತಾರವ್ವ ಸೌಟಿನಿಂದ ತಂಬಿಗೆ ತುಂಬಿದಳು. ಕರೆವ್ವ ಅದನ್ನು ಮನೆಗೆ ಒಯ್ಯಲಿಲ್ಲ. ಅಲ್ಲಿಯೇ, ಓಣಿಯ ನಟ್ಟನಡುವೆ, ಎಲ್ಲರೂ ನೋಡುತ್ತಿರುವಾಗ ತಲೆ ಎತ್ತಿ ಗಟಗಟ ಕುಡಿದಳು. ಮೇಲ್ದುಟಿಯ ಮೇಲೆ ಬೆಳ್ಳನೆಯ ಮೀಸೆ ಮೂಡಿತು. ಸೆರಗಿನಿಂದ ಒರೆಸಿಕೊಂಡು ಖಾಲಿ ತಂಬಿಗೆಯನ್ನು ಮತ್ತೆ ಮುಂದೆ ಹಿಡಿದಳು.

"ಇದು ಕುಡ್ಯಾಕಾತು. ಇನ್ನ ಮನಿಗೆ ಒಯ್ಯಾಕ ಹಾಕು. ನಮ್ಮ ಮಾವ ದಾರಿ ಕಾಯಾಕತ್ತಾನ."

ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾಲು ಹತ್ತಿರ ಸರಿಯಿತು. ತಾರವ್ವ ಗಡಿಗೆಗೆ ಸೌಟು ಹಾಕಿದಳೋ ಇಲ್ಲವೋ, ಬಾಗಿಲ ಹಿಂದಿನಿಂದ ಅಷ್ಟು ದಿನ ಸುಮ್ಮನಿದ್ದ ದನಿ ಓಣಿಯ ತುದಿಗೆ ಕೇಳುವಂತೆ ಎದ್ದಿತು.

"ಏ ತಾರಾ, ತಳಾ ಕಲಕಿ ಹಾಕ! ಮ್ಯಾಲಿನ ನೀರ ಕೊಟ್ಟು ನನ್ನ ಮರ್ಯಾದಿ ಕಳೀಬ್ಯಾಡ!"

"ಹೂನ್ರಿ ಅತ್ತಿ," ಎಂದಳು ತಾರವ್ವ. ಆ ಬೈಗುಳ ಕಿವಿಗೆ ಬಿದ್ದದ್ದೇ ಅವಳ ಕಣ್ಣು ತುಂಬಿ ಬಂದವು. ತಳ ಕಲಕಿ ಹಾಕಿದಳು.

ಈರಪ್ಪ ಹಗ್ಗ ಹಿಡಿದು ಕೊಟ್ಟಿಗೆಯ ಕಡೆ ತಿರುಗಿದ. ಆಮೇಲೆ ಎಮ್ಮೆಯನ್ನು ಗೂಟಕ್ಕೆ ಕಟ್ಟಿ, ಅಡುಗೆಮನೆಯಿಂದ ಒಂದು ತಂಬಿಗೆ ತಂದು, ಹೆಂಗಸರ ಸಾಲಿನ ಕೊನೆಗೆ ಹೋಗಿ ನಿಂತ.